ಬಸಿದ ನೀರಿನ ಸಾರು

ರಸಾಯನಶಾಸ್ತ್ರದ ಎಂ.ಎಸ್ಸಿ. ಓದಲು ನಾನು ಶಿವಮೊಗ್ಗದಿಂದ ಮೈಸೂರಿಗೆ ಬಂದದ್ದು 1994ರಲ್ಲಿ. ಮಾನಸಗಂಗೋತ್ರಿಗೆ ನಡೆದೇ ಹೋಗಿಬರುವಷ್ಟು ದೂರದಲ್ಲಿ, ಪಡುವಾರಹಳ್ಳಿಯ ಒಂದು ಮನೆಯ ಮಹಡಿಯ ಮೇಲೆ ರೂಮು ಸಿಕ್ಕಿತು. ನಾವು ಮೂವರಿದ್ದೆವು. ಒಬ್ಬಳು ಮಳವಳ್ಳಿ ಕಡೆಯವಳು, ಕನ್ನಡ ಎಂ.ಎ.; ಇನ್ನೊಬ್ಬಳು ಇಂಡಿ ತಾಲ್ಲೂಕಿನವಳು, ಅರ್ಥಶಾಸ್ತ್ರ. ಹೆಸರಿಗಿಂತ ಹೆಚ್ಚಾಗಿ ಊರಿನಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಿದ್ದೆವು. ಈಗಲೂ ಫೋನಿನಲ್ಲಿ ನಾನು ಅವರಿಗೆ ‘ಶಿವಮೊಗ್ಗ’ವೇ. ಮನೆಯವರು ಬಾಡಿಗೆಗೆ ಕೊಡುವಾಗ ಎರಡು ಮಾತು ಹೇಳಿದ್ದರು: ರಾತ್ರಿ ಎಂಟೂವರೆಗೆ ಗೇಟು ಹಾಕುತ್ತೇವೆ, ಮಾಂಸ ಮೊಟ್ಟೆ ಮೇಲೆ ತರಕೂಡದು. ಅಡುಗೆ ಮಾಡಿಕೊಳ್ಳಬಹುದೇ ಎಂದು ಕೇಳುವ ಯೋಚನೆ ಆಗ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ನಮ್ಮ ತಲೆಮಾರಿನ ಓದುವ ಹುಡುಗಿಯರ ಅಮ್ಮಂದಿರು ಒಂದು ಹಟ ಹಿಡಿದಿದ್ದರು. ತಾವು ಒಲೆಯ ಮುಂದೆ ಕಳೆದ ವರ್ಷಗಳನ್ನು ಮಗಳು ಪುಸ್ತಕದ ಮುಂದೆ ಕಳೆಯಲಿ ಎಂಬ ಹಟ. ನಾನು ಅಡುಗೆಮನೆ ಬಾಗಿಲಿಗೆ ಬಂದರೆ ಅಮ್ಮ, “ನೀನು ಹೋಗಿ ಓದ್ಕೋ. ಅಡುಗೆ ಏನು ಮಹಾ, ಕಾಲಕ್ಕೆ ತಾನಾಗೇ ಬರತ್ತೆ” ಎನ್ನುತ್ತಿದ್ದಳು. ಆ ಮಾತಿನ ಹಿಂದಿದ್ದ ಪ್ರೀತಿ ಎಷ್ಟು ದೊಡ್ಡದೆಂದು ನನಗೆ ಗೊತ್ತು. ಆದರೆ ಅಡುಗೆ ತಾನಾಗಿ ಬರುವುದಿಲ್ಲ. ಗಂಡುಮಕ್ಕಳಿಗಂತೂ ಆ ಮಾತನ್ನು ಹೇಳುವ ಪ್ರಸಂಗವೇ ಇರಲಿಲ್ಲ. ಅವರು ಅಡುಗೆಮನೆಗೆ ಬರುತ್ತಿದ್ದುದು ನೀರು ಕುಡಿಯಲು. ಹಾಗಾಗಿ ನಮ್ಮ ಕ್ಲಾಸಿನಲ್ಲಿ ಟೈಟ್ರೇಷನ್ ಮಾಡುವಾಗ ಒಂದು ಹನಿ ಹೆಚ್ಚಾದದ್ದನ್ನು ಬಣ್ಣ ನೋಡಿಯೇ ಹೇಳಬಲ್ಲವರು ಎಷ್ಟೋ ಮಂದಿ ಇದ್ದರು, ಬೇಳೆ ಬೆಂದಿದೆಯೇ ಎಂದು ನೋಡಿ ಹೇಳಬಲ್ಲವರು ಕಡಿಮೆ.

ಮೊದಲ ಕೆಲವು ತಿಂಗಳು ಹತ್ತಿರದ ಒಂದು ಮೆಸ್ಸಿನಲ್ಲಿ ಊಟ. ಬೆಳಿಗ್ಗೆ ಚಿತ್ರಾನ್ನವೋ ಪುಳಿಯೋಗರೆಯೋ, ಮಧ್ಯಾಹ್ನ ಅನ್ನ, ತೆಳ್ಳನೆಯ ಸಾರು, ಎಣ್ಣೆ ತೇಲುವ ಆಲೂಗಡ್ಡೆ ಪಲ್ಯ, ರಾತ್ರಿ ಅದೇ ಅನ್ನ. ಹೊಟ್ಟೆ ತುಂಬುತ್ತಿತ್ತು, ಹಸಿವೆಯಿಂದ ಯಾರೂ ಇರಲಿಲ್ಲ. ಆದರೆ ತಟ್ಟೆಯಲ್ಲಿ ಸೊಪ್ಪು ಕಂಡದ್ದು ಒಗ್ಗರಣೆಯ ಕರಿಬೇವಿನಲ್ಲಿ ಮಾತ್ರ. ಚಳಿಗಾಲದ ಹೊತ್ತಿಗೆ ಇಂಡಿ ಸೊರಗಿದಳು. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು, ಮಧ್ಯಾಹ್ನದ ಕ್ಲಾಸಿನಲ್ಲಿ ತಲೆ ಎತ್ತಲಾಗುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಂಟರ ಹತ್ತಿರ ಇತ್ತು; ಇರಬೇಕಾದ್ದು ಹನ್ನೆರಡು. ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಏನು ಊಟ ಮಾಡುತ್ತೀರಿ ಎಂದು ವಿಚಾರಿಸಿದರು. ಎಲ್ಲ ಕೇಳಿದ ಮೇಲೆ ಮಾತ್ರೆಯಷ್ಟೇ ಒತ್ತಿ ಹೇಳಿದ್ದು ಇದನ್ನು: ದಿನಾ ಕಾಳು, ದಿನಾ ಸೊಪ್ಪು, ಅದರ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ಕೂಡಲೇ ಕಾಫಿ ಟೀ ಕುಡಿಯಬೇಡಿ. ಸೊಪ್ಪು ಕಾಳಿನಲ್ಲಿರುವ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವಂಥದಲ್ಲ. ನಿಂಬೆಯಲ್ಲಿರುವ ಸಿ ಜೀವಸತ್ವ ಅದನ್ನು ಹೀರಿಕೊಳ್ಳಲು ನೆರವಾಗುತ್ತದೆ, ಟೀಯಲ್ಲಿರುವ ಟ್ಯಾನಿನ್ ತಡೆಯುತ್ತದೆ. ಇದು ನಾನೇ ಪಾಠದಲ್ಲಿ ಓದುತ್ತಿದ್ದ ರಸಾಯನಶಾಸ್ತ್ರ.

ಮಳವಳ್ಳಿ ಆ ರಾತ್ರಿಯೇ ತೀರ್ಮಾನ ಹೇಳಿದಳು. “ನಾಳಿಂದ ಇಲ್ಲೇ ಬೇಯ್ಸ್ಕಳವ ಕಣ್ರೆ. ಕಾಳು ಸೊಪ್ಪು ಬೇಯ್ಸಕ್ಕೆ ಯಾವ ಮೆಸ್ಸು ಬೇಕು?”

ಕೆಳಗಿನ ಮನೆಯ ಅಜ್ಜಿಯನ್ನು ಕೇಳಿದೆವು. ಅವರಿಗೆ ಸಂತೋಷವೇ ಆಯಿತು. ಉಪಯೋಗಿಸದೆ ಇಟ್ಟಿದ್ದ ಪುಟ್ಟ ಒರಳನ್ನು ಕೊಟ್ಟರು, ತಮ್ಮ ರೇಷನ್ ಕಾರ್ಡಿನ ಸೀಮೆಎಣ್ಣೆಯಲ್ಲಿ ನಮಗೂ ಪಾಲು ಕೊಟ್ಟರು. ಆಗ ಗ್ಯಾಸ್ ಸಂಪರ್ಕವೆಂದರೆ ಸಂಸಾರಸ್ಥರೇ ವರ್ಷಗಟ್ಟಲೆ ಕಾಯಬೇಕಿತ್ತು, ವಿದ್ಯಾರ್ಥಿಗಳ ಮಾತು ದೂರವೇ ಉಳಿಯಿತು. ನಾವು ಕೊಂಡದ್ದು ಬತ್ತಿ ಸ್ಟೌ, ಮೂರು ಲೀಟರಿನ ಒಂದು ಕುಕ್ಕರು, ಒಂದು ದಪ್ಪ ತಳದ ಪಾತ್ರೆ, ಒಂದು ಚಾಕು, ಒಂದು ಸೌಟು. ಊರಿಗೆ ಹೋದಾಗ ಮಳವಳ್ಳಿ ಹಿಟ್ಟಿನ ಕೋಲು ತಂದಳು. ಸಂಸಾರಕ್ಕೆ ಇಷ್ಟು ಸಾಕು. ಈಗಲೂ ಯಾರಾದರೂ ಹೊಸದಾಗಿ ಅಡುಗೆ ಶುರು ಮಾಡುತ್ತೇನೆಂದು ಪಾತ್ರೆಗಳ ಪಟ್ಟಿ ಕೇಳಿದರೆ ನಾನು ಇದೇ ಪಟ್ಟಿ ಹೇಳುವುದು, ಸ್ಟೌ ಒಂದು ಬಿಟ್ಟು.

ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಎಲ್ಲಿಂದ ಶುರು ಮಾಡುತ್ತಾರೆಂದು ನಾನು ಇಷ್ಟು ವರ್ಷ ನೋಡುತ್ತ ಬಂದಿದ್ದೇನೆ. ಪಲಾವು, ಕುರ್ಮ, ಪನೀರಿನದೊಂದು ಗ್ರೇವಿ. ಹೋಟೆಲಿನಲ್ಲಿ ತಿಂದು ರುಚಿ ಹತ್ತಿದ್ದು, ಅಥವಾ ಮನೆಯಲ್ಲಿ ಹಬ್ಬಕ್ಕೆ ಮಾಡುವಂಥದ್ದು. ಅಡುಗೆ ಪುಸ್ತಕಗಳೂ ಅವನ್ನೇ ಬರೆಯುತ್ತವೆ. ಈ ಅಡುಗೆಗಳಿಗೆ ಹತ್ತಾರು ಸಾಮಾನು ಬೇಕು, ಒಂದು ತಾಸು ಒಲೆಯ ಮುಂದೆ ನಿಲ್ಲಬೇಕು, ಎಣ್ಣೆ ಧಾರಾಳವಾಗಿ ಹಾಕಿದರೆ ಮಾತ್ರ ರುಚಿ. ಮಾರನೆಯ ದಿನ ಲ್ಯಾಬು ಇರುವವರು, ಕಿರುಪರೀಕ್ಷೆ ಇರುವವರು ಅದನ್ನು ದಿನಾ ಮಾಡಲಾರರು. ವಾರದ ಕೊನೆಗೆ ಸುಸ್ತಾಗಿ ಮತ್ತೆ ಮೆಸ್ಸಿನ ದಾರಿ ಹಿಡಿಯುತ್ತಾರೆ. ಮನೆಮನೆಯಲ್ಲೂ ಮಂಗಳವಾರ, ಬುಧವಾರ ಯಾರೂ ಗಮನಿಸದ ಹಾಗೆ ಆಗಿಹೋಗುವ ಅಡುಗೆ ಇದೆಯಲ್ಲ, ಅದು ಪುಸ್ತಕಕ್ಕೆ ಬರುವುದಿಲ್ಲ. ಅಮ್ಮಂದಿರನ್ನು ಕೇಳಿದರೂ “ಅದೇನು ಹೇಳೋದು, ಸುಮ್ಮನೆ ಬೇಯಿಸಿದ್ದು” ಎಂದು ಬಿಡುತ್ತಾರೆ. ಓದುವ ಮಕ್ಕಳಿಗೆ ಬೇಕಾದದ್ದು ಆ ಅಡುಗೆ. ನನಗೆ ಅದು ಸಿಕ್ಕಿದ್ದು ಮಳವಳ್ಳಿಯವಳ ಕೈಯಲ್ಲಿ. ಅದರ ಹೆಸರು ಉಪ್ಸಾರು.

ಮಂಡ್ಯ, ಮೈಸೂರು, ಚಾಮರಾಜನಗರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಅನ್ನ, ತಂಬುಳಿ, ಹುಳಿಯ ಮನೆಯಿಂದ ಬಂದ ನನಗೆ ಅದು ಹೊಸದು. ಮಳವಳ್ಳಿ ಅಲಸಂದೆ ಕಾಳನ್ನು ಬೆಳಿಗ್ಗೆ ನೆನೆಹಾಕಿ ಕ್ಲಾಸಿಗೆ ಹೋಗಿರುತ್ತಿದ್ದಳು. ಸಂಜೆ ಬಂದವಳೇ ಕಾಳನ್ನು ಪಾತ್ರೆಗೆ ಹಾಕಿ, ಅದರ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಹೊಯ್ದು, ಉಪ್ಪು ಹಾಕಿ ಸ್ಟೌ ಮೇಲೆ ಇಡುವುದು. ಅದು ಬೇಯುವಷ್ಟರಲ್ಲಿ ದಂಟಿನ ಸೊಪ್ಪು ಬಿಡಿಸಿ, ಎರಡು ಮೂರು ನೀರಿನಲ್ಲಿ ತೊಳೆದು, ದಪ್ಪಗೆ ಹೆಚ್ಚಿಡುವುದು. ಒಂದು ಕಾಳನ್ನು ಎತ್ತಿ ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ ನೋಡುತ್ತಿದ್ದಳು. ಹೊರಗೆ ಮೆತ್ತಗಾಗಿ ಒಳಗೆ ಇನ್ನೂ ಒಂದು ಚುಕ್ಕೆಯಷ್ಟು ಗಟ್ಟಿ ಇರುವಾಗ ಸೊಪ್ಪು ಹಾಕಬೇಕು, ಮುಚ್ಚಳ ಮುಚ್ಚಬಾರದು. ಸೊಪ್ಪು ಕುಗ್ಗಿ, ನೀರು ತಿಳಿ ಹಸಿರು ಬಣ್ಣಕ್ಕೆ ತಿರುಗಿ, ಬೆಂದ ಕಾಳಿನ ವಾಸನೆ ರೂಮಿಗೆಲ್ಲ ಹರಡುತ್ತಿತ್ತು. ಮೊದಲ ದಿನ ನಾನು ಪಾತ್ರೆ ಇಳಿಸಿ ನೀರು ಬಸಿಯಲು ಬಚ್ಚಲ ಕಡೆ ಹೊರಟರೆ ಅವಳು ಹಿಂದಿನಿಂದ ಕೂಗಿದಳು.

“ಏಯ್, ನೀರ ಚೆಲ್ಬೇಡ ಕಣೆ! ಸಾರೆಲ್ಲ ಅದ್ರಲ್ಲೇ ಅದೆ.”

ಆ ಬಸಿದ ನೀರೇ ಸಾರು. ಬೇರೆ ಮಸಾಲೆ ಇಲ್ಲ, ಕುದಿಸುವುದಿಲ್ಲ. ಪಕ್ಕದಲ್ಲಿ ಒಂದು ಖಾರ ಅರೆದುಕೊಳ್ಳಬೇಕು: ಸುಟ್ಟ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು, ಸ್ವಲ್ಪ ಹುಣಸೆಹಣ್ಣು, ಉಪ್ಪು. ಅಜ್ಜಿಯ ಒರಳಿನಲ್ಲಿ ನುಣ್ಣಗೆ ಅರೆದು ಬಟ್ಟಲಿಗೆ ತೆಗೆದಿಟ್ಟರೆ ಎರಡು ಮೂರು ದಿನಕ್ಕೆ ಚಿಂತೆ ಇಲ್ಲ. ತಟ್ಟೆಯಲ್ಲಿ ಬಿಸಿ ನೀರು ಬಿಟ್ಟುಕೊಂಡು ಅವರವರ ನಾಲಿಗೆಗೆ ತಕ್ಕಷ್ಟು ಖಾರ ಕದಡಿಕೊಳ್ಳುವುದು. ಬಸಿದು ಉಳಿದ ಕಾಳು ಸೊಪ್ಪಿಗೆ ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಈರುಳ್ಳಿ ಒಗ್ಗರಣೆ ಹಾಕಿ, ಕಾಯಿ ಇದ್ದರೆ ಒಂದಿಷ್ಟು ಉದುರಿಸಿದರೆ ಪಲ್ಯ. ಒಂದೇ ಪಾತ್ರೆ, ಒಂದೇ ಬೆಂಕಿ. ಸಾರೂ ಆಯಿತು, ಪಲ್ಯವೂ ಆಯಿತು. ಇದೇ ನೀರಿಗೆ ಬೆಂದ ಕಾಳು ಒಂದು ಹಿಡಿ ಸೇರಿಸಿ ಮಸಾಲೆ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಅದನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದೆವು.

ಬಿ ಗುಂಪಿನ ಜೀವಸತ್ವಗಳು, ಸಿ ಜೀವಸತ್ವ ನೀರಿನಲ್ಲಿ ಕರಗುತ್ತವೆಂಬುದು ಪಠ್ಯದಲ್ಲಿದ್ದ ಒಂದು ಸಾಲು. ಸೊಪ್ಪಿನ ಫೋಲೇಟ್, ಕಾಳಿನ ಬಿ ಜೀವಸತ್ವಗಳ ಒಂದು ಪಾಲು ಬೇಯಿಸಿದ ನೀರಿಗೆ ಇಳಿಯುತ್ತದೆ, ಖನಿಜಗಳೂ ಸ್ವಲ್ಪ ಇಳಿಯುತ್ತವೆ. ನೀರು ಚೆಲ್ಲಿದರೆ ಅವೂ ಹೋದವು. ಪ್ರಯೋಗಾಲಯದ ಹೆಸರೇ ಕೇಳದ ಹಳ್ಳಿಯ ಹೆಂಗಸರು ಆ ನೀರನ್ನೇ ಊಟದ ಮುಖ್ಯ ಭಾಗ ಮಾಡಿದ್ದಾರೆ. ನಾನು ಓದುತ್ತಿದ್ದ ಶಾಸ್ತ್ರಕ್ಕೂ ತಿನ್ನುತ್ತಿದ್ದ ಅನ್ನಕ್ಕೂ ಸಂಬಂಧವಿದೆ ಎಂದು ನನಗೆ ಮೊದಲು ಮನಸ್ಸಿಗೆ ಬಂದದ್ದು ಆ ಸಂಜೆ.

ಆಮೇಲೆ ಗ್ರಂಥಾಲಯಕ್ಕೆ ಹೋದಾಗ ಸಿ. ಗೋಪಾಲನ್ ಮತ್ತು ಸಂಗಡಿಗರ ‘ನ್ಯೂಟ್ರಿಟಿವ್ ವ್ಯಾಲ್ಯೂ ಆಫ್ ಇಂಡಿಯನ್ ಫುಡ್ಸ್’ ತೆಗೆಸಿಕೊಂಡೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪುಸ್ತಕ ಅದು, ತುಂಬ ಕೋಷ್ಟಕಗಳೇ. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣಾಂಶ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ 120. ನುಗ್ಗೆಸೊಪ್ಪಿನಲ್ಲಿ 440. ಕಡಲೆಕಾಯಿ ಬೀಜದಲ್ಲಿ ನೂರಕ್ಕೆ 25 ಗ್ರಾಂ ಪ್ರೋಟೀನು, ಹೆಸರುಕಾಳಿನಲ್ಲಿ 24, ಹುರುಳಿಯಲ್ಲಿ 22, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಏಳರ ಹತ್ತಿರ. ಬೇಕಾದ ಸಾಲುಗಳನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ಇಳಿಸಿಕೊಂಡೆ. ಬೆಂದ ಮೇಲೆ, ನೀರು ಸೇರಿದ ಮೇಲೆ ಈ ಅಂಕಿ ಹೀಗೇ ಉಳಿಯುವುದಿಲ್ಲ ನಿಜ. ಆದರೂ ಅಗ್ಗದ ದಿನಸಿ ಎಂದರೆ ಬಡವರ ದಿನಸಿ ಎಂದು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಆ ಕೋಷ್ಟಕ ನನಗೆ ದೊಡ್ಡ ಧೈರ್ಯ ಕೊಟ್ಟಿತು. ಮೊಟ್ಟೆ ತರಕೂಡದ ಮನೆಯಲ್ಲಿ ನಮ್ಮನ್ನು ಕಾಪಾಡಿದ್ದು ಈ ಕಾಳುಗಳೇ.

ಮುದ್ದೆಯ ಬಗ್ಗೆ ಹೇಳಲೇಬೇಕು. ಮಳವಳ್ಳಿಯವರ ಹೊಲದಲ್ಲಿ ಬೆಳೆಯುತ್ತಿದ್ದುದು ಇಂಡಾಫ್ ರಾಗಿ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಸೇರಿಸಿ ಬೆಳೆಸಿದ ತಳಿ. ಅವರನ್ನು ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆಯುತ್ತಿದ್ದರು, ಅವಳ ಅಪ್ಪನಿಗೂ ಅವರ ಹೆಸರೆಂದರೆ ಗೌರವ. ಅವಳು ಮುದ್ದೆ ಕಲಿಸಿದ ಕ್ರಮ ಹೀಗೆ: ಎರಡು ಲೋಟ ನೀರು, ಚಿಟಿಕೆ ಉಪ್ಪು, ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅದಕ್ಕೆ ಸೇರಿಸುವುದು. ಕೊತಕೊತ ಕುದಿ ಬಂದ ಮೇಲೆ ಒಂದು ಲೋಟಕ್ಕಿಂತ ತುಸು ಹೆಚ್ಚು ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯುವುದು. ಆಗ ಕಲಕಬಾರದು, ಕಲಕಿದರೆ ಗಂಟು. ಕೋಲಿನಿಂದ ಗುಡ್ಡೆಯ ನಡುವೆ ತೂತು ಮಾಡಿ, ಉರಿ ತಗ್ಗಿಸಿ, ಮುಚ್ಚಿ ಬಿಡುವುದು. ಹಿಟ್ಟಿನ ಅಂಚಿನಿಂದ ನೀರು ಉಕ್ಕಿ ಉಕ್ಕಿ ಮೇಲೆ ಬರುತ್ತದೆ. ಐದಾರು ನಿಮಿಷ ಹಾಗೇ ಬೆಂದ ಮೇಲೆ ಪಾತ್ರೆಯನ್ನು ಎರಡು ಪಾದಗಳ ನಡುವೆ ಬಟ್ಟೆ ಇಟ್ಟು ಹಿಡಿದು ಕೋಲಿನಿಂದ ತಿರುವುವುದು. ತೋಳಿಗೆ ಶಕ್ತಿ ಬೇಕು. ಆಮೇಲೆ ಒದ್ದೆ ಕೈಯಲ್ಲಿ ಉಂಡೆ ಕಟ್ಟುವುದು. ಬೆಂದದ್ದು ಗೊತ್ತಾಗುವುದು ಹೇಗೆಂದು ಕೇಳಿದ್ದಕ್ಕೆ, ಒದ್ದೆ ಬೆರಳು ಇಟ್ಟು ನೋಡು, ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದಳು. ಗಡಿಯಾರ ನೋಡಿ ಕಲಿಯಲಾಗದ್ದು ಬೆರಳಿಗೆ ಬೇಗ ಬಂತು. ಮುದ್ದೆ ತಿಂದು ಮಧ್ಯಾಹ್ನದ ಲ್ಯಾಬಿಗೆ ಹೋದರೆ ಸಂಜೆ ಐದರವರೆಗೆ ಹಸಿವೆಯ ನೆನಪಾಗುತ್ತಿರಲಿಲ್ಲ.

ಇಂಡಿಯವಳ ಪಾಲು ಬೇರೆಯದೇ ಆಗಿತ್ತು. ಅವಳ ಅವ್ವ ಯಾರಾದರೂ ಈ ಕಡೆ ಬರುವವರಿದ್ದರೆ ಕಟಕ ರೊಟ್ಟಿಯ ಗಂಟು ಕಟ್ಟಿ ಕಳಿಸುತ್ತಿದ್ದರು. ತೆಳ್ಳಗೆ ಬಡಿದು, ಕಟಕಟ ಒಣಗಿಸಿದ ಜೋಳದ ರೊಟ್ಟಿ ಎಷ್ಟು ದಿನವಾದರೂ ಕೆಡದು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಮೂರು ಡಬ್ಬಿ. ರೊಟ್ಟಿ ಮುರಿದು, ಗಟ್ಟಿ ಮೊಸರಿನಲ್ಲಿ ಹಿಂಡಿ ಕಲಸಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಮೂಲಂಗಿ, ಹಸಿ ಮೆಂತ್ಯಸೊಪ್ಪು ಇಟ್ಟುಕೊಂಡರೆ ಊಟವೇ ಆಯಿತು. “ಒಲಿ ಹಚ್ಚೂದು ಯಾಕವ್ವಾ, ಇಷ್ಟಿದ್ರ ನಡೀತದ” ಎನ್ನುತ್ತಿದ್ದಳು. ಹಸಿ ಸೊಪ್ಪು ತಿನ್ನುವುದು ನಮ್ಮ ಕಡೆ ರೂಢಿಯಲ್ಲಿಲ್ಲ, ಅವಳನ್ನು ನೋಡಿ ಕಲಿತೆ. ಉಪ್ಪುನೀರಿನಲ್ಲಿ ಚೆನ್ನಾಗಿ ತೊಳೆಯುತ್ತಿದ್ದಳು, ಎಲೆ ಎಲೆಯಾಗಿ. ಪರೀಕ್ಷೆಯ ವಾರಗಳಲ್ಲಿ ನಮ್ಮನ್ನು ನಡೆಸಿದ್ದು ಆ ಮೂರು ಡಬ್ಬಿಗಳು. ಒಲೆ ಹೊತ್ತಿಸದೆ ಒಳ್ಳೆಯ ಊಟ ಮಾಡಬಹುದು ಎಂಬುದನ್ನು ನಾನು ಓದುವ ಮಕ್ಕಳಿಗೆ ಮೊದಲು ಹೇಳುವ ಮಾತುಗಳಲ್ಲಿ ಇಟ್ಟುಕೊಂಡಿದ್ದೇನೆ. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ಕಾಯಿ, ನಿಂಬೆ ಹಾಕಿದ ಕೋಸಂಬರಿ, ಮೊಳಕೆ ಕಾಳು, ಮೊಸರವಲಕ್ಕಿ, ಒಂದು ಹಿಡಿ ಕಡಲೆಕಾಯಿ ಬೀಜದ ಜೊತೆ ಬಾಳೆಹಣ್ಣು. ಕಾಳು ಮೊಳಕೆ ಬಂದಾಗ ಅದರೊಳಗಿನ ಫೈಟೇಟ್ ಕಡಿಮೆಯಾಗುತ್ತದೆ, ಕಬ್ಬಿಣ ಹೆಚ್ಚು ದಕ್ಕುತ್ತದೆ.

ನಾನು ರೂಮಿಗೆ ತಂದದ್ದು ತಂಬುಳಿ. ಅಡುಗೆಮನೆಗೆ ಸೇರಿಸದಿದ್ದ ಅಮ್ಮನೇ ಈಗ ಇನ್‌ಲ್ಯಾಂಡ್ ಲೆಟರಿನ ಮಡಿಕೆಯ ಅಂಚಿನವರೆಗೂ ಅಡುಗೆ ಬರೆದು ಕಳಿಸುತ್ತಿದ್ದಳು. ದೊಡ್ಡಪತ್ರೆ ಅಜ್ಜಿಯ ಕುಂಡದಲ್ಲೇ ಇತ್ತು. ನಾಲ್ಕೈದು ಎಲೆಯನ್ನು ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಸೇರಿಸಿ ಅರೆದು, ಮಜ್ಜಿಗೆಯಲ್ಲಿ ಕಲಸಿದರೆ ಮುಗಿಯಿತು. ಅನ್ನದ ಜೊತೆ ಬೇರೇನೂ ಬೇಡ. ಬೇಸಿಗೆಯಲ್ಲಿ ಮಳವಳ್ಳಿಯೂ ಇದನ್ನು ಲೋಟದಲ್ಲಿ ಹಾಕಿ ಕುಡಿಯುತ್ತಿದ್ದಳು.

ಕುಕ್ಕರು ಕೂಗಿದರೆ ಕೆಳಗಿನಿಂದ ಅಜ್ಜಿಯ ದನಿ ಬರುತ್ತಿತ್ತು. “ಮೂರು ಸಲ ಕೂಗಾಯ್ತು ಕಣ್ರವ್ವಾ, ಆರ್ಸಿ!” ಅವರ ಕಾಳಜಿ ಸೀಮೆಎಣ್ಣೆಯದು. ಆದರೆ ಅದರಲ್ಲೂ ವಿಜ್ಞಾನವಿತ್ತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಮೊದಲೇ, 97ರ ಸುಮಾರಿಗೆ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಏರಿದಾಗ ಅದು 120ರವರೆಗೆ ಹೋಗುತ್ತದೆ. ಆರಿಸಿದ ಮೇಲೂ ಒತ್ತಡ ಇಳಿಯುವವರೆಗೆ ಬೇಳೆ ಬೇಯುತ್ತಲೇ ಇರುತ್ತದೆ, ಆ ಹೊತ್ತಿನ ಬೇಯುವಿಕೆ ಪುಕ್ಕಟೆ. ಹುಣಸೆಹಣ್ಣು, ಟೊಮೆಟೊ ಬೇಳೆ ಬೆಂದ ಮೇಲೇ ಹಾಕಬೇಕೆಂದು ಅಮ್ಮ ಕಾಗದದಲ್ಲಿ ಗೆರೆ ಎಳೆದು ಬರೆದಿದ್ದಳು. ಹುಳಿ ಸೇರಿದರೆ ಬೇಳೆಯ ಪೆಕ್ಟಿನ್ ಸಡಿಲವಾಗಲು ತಡವಾಗುತ್ತದೆ, ಎಷ್ಟು ಕುದಿಸಿದರೂ ಬೇಳೆ ಕಾಳುಕಾಳಾಗಿ ನಿಲ್ಲುತ್ತದೆ. ಅಡುಗೆಮನೆಯಲ್ಲಿ ‘ಹೀಗೆ ಮಾಡಬೇಕು’ ಎಂದು ಹೇಳುವುದಕ್ಕೆಲ್ಲ ಕಾರಣ ಇದೆಯೆಂದಲ್ಲ. ಆದರೆ ಕಾರಣ ಹುಡುಕಿ ಕಲಿತದ್ದು ನನಗೆ ಮರೆಯಲಿಲ್ಲ. ವಿಜ್ಞಾನ ಓದುವ ಮಕ್ಕಳಿಗೆ ಅಡುಗೆ ಕಲಿಸುವುದಾದರೆ ಈ ದಾರಿ ಒಳ್ಳೆಯದು.

ಉಳಿದ ಅನ್ನದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಫ್ರಿಜ್ಜು ಇಲ್ಲದ ರೂಮಿನಲ್ಲಿ ಬೆಳಿಗ್ಗೆಯ ಅನ್ನವನ್ನು ರಾತ್ರಿಗೆ ಒಗ್ಗರಣೆ ಹಾಕಿ ತಿನ್ನುವುದು ವಿದ್ಯಾರ್ಥಿಗಳಲ್ಲಿ ಎಲ್ಲ ಕಡೆ ಇದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಇರಬಹುದು. ಅವು ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಅಕ್ಕಿಯನ್ನು ಅಳೆದೇ ಹಾಕಬೇಕು, ಒಂದು ಹೊತ್ತಿಗೆ ಆಗುವಷ್ಟು. ಫ್ರಿಜ್ಜು ಇದ್ದರೆ ಅನ್ನ ಆರಿದ ಕೂಡಲೇ ಅದರೊಳಗೆ ಇಡಬೇಕು.

ಸೊಪ್ಪು ಕೊಳ್ಳುವುದೇ ಒಂದು ಪಾಠವಾಗಿತ್ತು. ಶನಿವಾರ ಸಂಜೆ ದೇವರಾಜ ಮಾರುಕಟ್ಟೆಗೆ ಹೋಗುತ್ತಿದ್ದೆವು. ಕತ್ತಲಾಗುವ ಹೊತ್ತಿಗೆ ಸೊಪ್ಪಿನವರು ಉಳಿದ ಕಟ್ಟುಗಳನ್ನು ಬಂದ ಬೆಲೆಗೆ ಕೊಟ್ಟು ಹೊರಡುವ ಆತುರದಲ್ಲಿರುತ್ತಾರೆ. ಶಿವಮೊಗ್ಗದ ಮನೆಯಲ್ಲಿ ನನಗೆ ಗೊತ್ತಿದ್ದುದು ಹರಿವೆ, ಬಸಳೆ, ಮೆಂತ್ಯ. ಇಲ್ಲಿ ಕೀರೆ, ಚಕ್ಕೋತ, ಹೊನಗೊನೆ, ಸಬ್ಬಸಿಗೆ, ಅಣ್ಣೆಸೊಪ್ಪು, ಗಣಿಕೆಸೊಪ್ಪು. ಯಾವ ಸೊಪ್ಪಿಗೆ ಯಾವ ಕಾಳು ಹೊಂದುತ್ತದೆ ಎಂದು ಮಾರುವ ಹೆಂಗಸರೇ ಹೇಳುತ್ತಿದ್ದರು. “ಸಬ್ಬಸ್ಗೆಗೆ ಅವರೆಕಾಳು ಹಾಕಿ ಮಗ, ತೊಗರಿಬೇಳೆನೂ ಆಯ್ತದೆ.” ಹಣ ಕೊಟ್ಟು ಬರುವಾಗ ಒಂದು ಹಿಡಿ ಕೊತ್ತಂಬರಿ ಚೀಲಕ್ಕೆ ಹಾಕುತ್ತಿದ್ದರು. ಅಷ್ಟು ಜನರ ಬಾಯಿಂದ ಬಂದ ಪಾಠ ಯಾವ ಅಡುಗೆ ಪುಸ್ತಕದಲ್ಲೂ ಇಲ್ಲ. ಈಗ ಸಿಗುವ, ನೀರು ಚಿಮುಕಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸೊಪ್ಪಿನ ಕಟ್ಟು ಏನನ್ನೂ ಹೇಳುವುದಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಕೆಲಸ ಹಂಚಿಕೊಳ್ಳುವುದರಲ್ಲಿ ನಮ್ಮ ನಡುವೆ ಜಗಳವೇ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಾತ್ರೆ ತಿಕ್ಕುವುದರ ಬಗ್ಗೆ ಆಗಾಗ ಮಾತು ಬೆಳೆಯುತ್ತಿತ್ತು. ಆಮೇಲೆ ಬೇಯಿಸಿದವರು ತಿಕ್ಕಬೇಕಿಲ್ಲ ಎಂಬ ನಿಯಮ ಮಾಡಿಕೊಂಡೆವು, ಅದು ಕೊನೆವರೆಗೂ ನಿಂತಿತು. ಎರಡನೆಯ ವರ್ಷ ಕೆಳಗಿನ ಬೀದಿಯ ರೂಮಿನ ಹುಡುಗರು ಬಂದು ಉಪ್ಸಾರಿನ ಕ್ರಮ ಬರೆಸಿಕೊಂಡು ಹೋದರು. ಅವರಲ್ಲಿ ಒಬ್ಬ, ಮನೆಯಲ್ಲಿ ಒಬ್ಬನೇ ಮಗ, ಅಡುಗೆಯಲ್ಲಿ ನಮ್ಮೆಲ್ಲರನ್ನೂ ಮೀರಿಸಿದ. ಊರಿಗೆ ಹೋಗಿ ತನ್ನ ತಾಯಿಗೆ ಮಾಡಿ ಬಡಿಸಿದಾಗ ಅವರು ಅತ್ತರಂತೆ. ಇಷ್ಟು ವರ್ಷದಲ್ಲಿ ಯಾರೋ ಬೇಯಿಸಿದ್ದನ್ನು ಕೂತು ಉಂಡದ್ದು ಅವರಿಗೆ ಅದೇ ಮೊದಲು.

ಇಂಡಿಯ ರಕ್ತದ ಅಂಕಿ ಮುಂದಿನ ಬೇಸಿಗೆಯ ಹೊತ್ತಿಗೆ ಹನ್ನೊಂದು ದಾಟಿತು. ಅದರಲ್ಲಿ ಮಾತ್ರೆಯ ಪಾಲು ದೊಡ್ಡದು, ಊಟವೊಂದರಿಂದಲೇ ಆಯಿತೆಂದು ನಾನು ಹೇಳಲಾರೆ. ಅಷ್ಟು ಇಳಿದಿರುವ ರಕ್ತ ಬರೀ ಸೊಪ್ಪಿನಿಂದ ಬೇಗ ಏರುವುದಿಲ್ಲ, ಮಾತ್ರೆ ಬಿಡಬಾರದು. ಆದರೆ ಮಾತ್ರೆ ಮುಗಿದ ಮೇಲೆ ಅದು ಮತ್ತೆ ಇಳಿಯದಂತೆ ನೋಡಿಕೊಂಡದ್ದು ಆ ಊಟ. ಇದು ನಮ್ಮ ರೂಮಿನ ಕಥೆ ಮಾತ್ರವೇ ಆಗಿದ್ದರೆ ಬರೆಯುತ್ತಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಬೆಳಗಿನ ಮೊದಲ ಗಂಟೆಗೆ ತಲೆ ಸುತ್ತಿ ಕೂರುವ ಹುಡುಗಿಯರನ್ನು ಪ್ರತಿ ವರ್ಷ ನೋಡುತ್ತೇನೆ. ಏನು ತಿಂದೆ ಎಂದರೆ ಟೀ ಬಿಸ್ಕತ್ತು ಎನ್ನುತ್ತಾರೆ.

ಹೋದ ವರ್ಷ ನನ್ನ ತಂಗಿಯ ಮಗ ಓದಲು ಮ್ಯೂನಿಕ್ಕಿಗೆ ಹೋದ. ಬ್ಯಾಗಿನ ತುಂಬ ಮಸಾಲೆ ಪುಡಿ, ರೆಡಿಮೇಡ್ ಪೊಟ್ಟಣ. ಅವು ಮುಗಿದ ಮೇಲೆ ಒಂದು ದಿನ ವಿಡಿಯೋ ಕಾಲ್ ಮಾಡಿ, “ದೊಡ್ಡಮ್ಮ, ಇಲ್ಲಿ ಬೇಳೆ ಬೇಯೋದೇ ಇಲ್ಲ” ಎಂದ. ಕೆಟಲಿನ ಒಳಗೆ ಬೆಳ್ಳಗೆ ಕಟ್ಟಿಕೊಂಡಿದೆಯೇ ನೋಡು ಎಂದೆ. ಕಟ್ಟಿತ್ತು. ಮ್ಯೂನಿಕ್ಕಿನ ನಲ್ಲಿ ನೀರು ಗಡಸು, ಸುಣ್ಣಾಂಶ ಹೆಚ್ಚು. ಆ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಗಟ್ಟಿ ಹಿಡಿಯುತ್ತದೆ. ತೊಗರಿಬೇಳೆಗಾಗಿ ಊರೆಲ್ಲ ಅಲೆಯಬೇಡ, ಸಿಪ್ಪೆ ತೆಗೆದ ಕೆಂಪು ಮಸೂರ ಬೇಳೆ ಅಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ, ಕಾಲು ಗಂಟೆಯಲ್ಲಿ ಬೇಯುತ್ತದೆ ಎಂದೆ. ಪಾಲಕ್ ಸೊಪ್ಪು ಫ್ರೋಜನ್ ಇದ್ದರೂ ಸರಿ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ ಎಲ್ಲ ಕಡೆಯೂ ಇವೆ, ಹುಣಸೆ ಬದಲು ನಿಂಬೆ. ರಾಜ್ಮಾ ಕೊಂಡರೆ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಲೇಬೇಕೆಂದು ಎರಡು ಸಲ ಹೇಳಿದೆ. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ವಾಂತಿ ಭೇದಿ ತರುತ್ತದೆ. ನೀರು ಚೆಲ್ಲಲೇಬೇಕಾದ ಕಾಳು ಅದೊಂದು. ಈಗ ಅವನ ಮಹಡಿಯ ಹಂಚಿಕೆಯ ಅಡುಗೆಮನೆಯಲ್ಲಿ ಒಬ್ಬ ಇರಾನಿ ಹುಡುಗ, ಒಬ್ಬಳು ವಿಯೆಟ್ನಾಮಿನವಳು ವಾರಕ್ಕೊಮ್ಮೆ ಅವನ ಜೊತೆ ಕೂತು ಸೊಪ್ಪು ಬೇಳೆ ಉಣ್ಣುತ್ತಾರೆ. ಅವರ ಅಡುಗೆ ಇವನು ಕಲಿಯುತ್ತಿದ್ದಾನೆ.

ಮಕ್ಕಳನ್ನು ಓದಲು ದೂರ ಕಳಿಸುವ ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ. ಪಿಯುಸಿ, ಡಿಗ್ರಿ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗೆ ಕೆಲವು ವಾರ ಸಿಗುತ್ತವೆ. ಆಗ ಮಗನಾಗಲಿ ಮಗಳಾಗಲಿ ಒಂದು ಹೊತ್ತಿನ ಅಡುಗೆಯನ್ನು ಪೂರ್ತಿ ಅವರ ಕೈಗೆ ಬಿಡಿ. ಹೋಳಿಗೆ, ಪಲಾವು ಬೇಡ. ನಿಮ್ಮ ಮನೆಯಲ್ಲಿ ಬುಧವಾರ ಏನು ಬೇಯುತ್ತದೋ ಅದು. ಕಾಳು ನೆನೆಸುವುದರಿಂದ ಪಾತ್ರೆ ತಿಕ್ಕಿ ಬೋರಲು ಹಾಕುವವರೆಗೆ ಅವರೇ ಮಾಡಲಿ, ಸೊಪ್ಪು ಕೊಳ್ಳಲೂ ಅವರನ್ನೇ ಕಳಿಸಿ. ಕುಕ್ಕರಿನ ಗ್ಯಾಸ್ಕೆಟ್ ಹಾಕುವುದನ್ನು, ವೆಯ್ಟಿನ ತೂತು ತೊಳೆಯುವುದನ್ನು ತೋರಿಸಿಕೊಡಿ. ಅವರು ಹೊರಡುವ ದಿನ ಚಕ್ಕುಲಿ ಡಬ್ಬಿಯ ಜೊತೆ ಒಂದು ಕಿಲೋ ಹೆಸರುಕಾಳನ್ನೂ ಕಟ್ಟಿಕೊಡಿ.